ಬಿದ್ದದ್ದಷ್ಟೇ ಊರಿಗೆ ಬಂತು

ಗುರುಸಿದ್ದವ್ವ ಸಮುದ್ರದಲ್ಲಿ ಬಿದ್ದದ್ದೂ ನಿಜ, ನಿಂತದ್ದೂ ನಿಜ. ಗಡಹಿಂಗ್ಲಜಕ್ಕೆ ಬಂದು ಮುಟ್ಟಿದ್ದು ಮಾತ್ರ ಬಿದ್ದದ್ದೊಂದೇ.

ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿಗೆ ದರ ಕೂಗುವ ಲಿಲಾವು ಇನ್ನೂ ಸುರುವಾಗಿರಲಿಲ್ಲ. ಚೀಲ ಬಿಚ್ಚಿ ಸುರಿದ ಕೆಂಪು ರಾಶಿಗಳ ನಡುವೆ ವ್ಯಾಪಾರಿಗಳು ಅಲ್ಲಲ್ಲಿ ಗುಂಪುಗೂಡಿ ಕೆಮ್ಮುತ್ತ, ಸೀನುತ್ತ ಮಾತಾಡುತ್ತಿದ್ದರು. ಗುರುಸಿದ್ದವ್ವ ರೈತರ ಮಾಲು ಮಾರಿಕೊಡುವ ತನ್ನ ಅಡತಿ ಅಂಗಡಿಯ ಕಟ್ಟೆಗೆ ಬಂದು ನಿಂತದ್ದೇ ತಡ, ಆ ಕೆಮ್ಮು ಬೇರೆ ನಮೂನೆಯದಾಯಿತು. ನಗೆ ನುಂಗುವಾಗ ಬರುವ ಕೆಮ್ಮು ಅವಳಿಗೆ ತಿಳಿಯದ್ದಲ್ಲ. ಗಂಡ ತೀರಿಕೊಂಡಂದಿನಿಂದ ಈ ಗಂಡಸರ ನಡುವೆಯೇ ಅಂಗಡಿ ನಡೆಸಿಕೊಂಡು ಬಂದವಳು.

“ಏನದು ಯಮನಪ್ಪಾ?” ಎಂದು ತನ್ನ ಹಮಾಲನನ್ನು ಕೇಳಿದಳು.

ಯಮನಪ್ಪ ಫೋನನ್ನು ಅವಸರದಿಂದ ಕಿಸೆಗೆ ತುರುಕಿದ. “ಏನಿಲ್ರಿ ಅಕ್ಕಾರ.”

“ಏನಿಲ್ಲಂದ್ರ ತೋರ್ಸಾಕ ಏನ ಅಡ್ಡಿ? ತಾ ಇಲ್ಲೆ.”

ತೋರಿಸಿದ. ಹಳದಿ ಬಣ್ಣದ ಉದ್ದನೆಯ ಹಲಗೆಯೊಂದು ನೊರೆಯ ಮೇಲೆ ಜಾರುತ್ತ ಬರುತ್ತಿತ್ತು. ಅದರ ಮೇಲೆ ಹಸಿರು ಸೀರೆಯನ್ನು ಕಚ್ಚೆ ಹಾಕಿ ಉಟ್ಟ ಹೆಂಗಸೊಬ್ಬಳು ಮೊಣಕಾಲೂರಿ ಏಳಲು ನೋಡಿದಳು. ಹಲಗೆ ಮುಂದೆ ಹೋಯಿತು, ಹೆಂಗಸು ಹಿಂದೆ ಉಳಿದಳು. ಕಾಲು ಮೇಲಾದವು, ಕಚ್ಚೆ ಬಿಚ್ಚಿತು, ತೊಡೆಯ ತನಕ ಬರಿಗಾಲು ಆಕಾಶ ನೋಡಿತು. ಅದೇ ಗಳಿಗೆಗೆ ಸರಿಯಾಗಿ ಯಾರೋ ಕತ್ತೆ ಅರಚುವ ಸದ್ದು ಸೇರಿಸಿದ್ದರು. ಕತ್ತೆ ಅರಚಿದಾಗಲೆಲ್ಲ ಚಿತ್ರ ಹಿಂದಕ್ಕೆ ಸರಿದು ಅವಳು ಮತ್ತೆ ಬೀಳುತ್ತಿದ್ದಳು, ಮತ್ತೆ, ಇನ್ನೂ ಒಮ್ಮೆ. ಮೇಲೆ ಮರಾಠಿಯಲ್ಲಿ ದಪ್ಪ ಅಕ್ಷರ: ‘ಕೊಲ್ಹಾಪುರಚೀ ಆಜೀ, ಧಪ್ಪಕನ್!’ ಕೊಲ್ಹಾಪುರದ ಅಜ್ಜಿ, ದೊಪ್ಪನೆ.

ಗುರುಸಿದ್ದವ್ವ ಅದನ್ನು ಕಣ್ಣು ಮಿಟುಕಿಸದೆ ಪೂರ್ತಿ ನೋಡಿದಳು.

“ಆಜೀ ಅಂತ! ನನಗಿನ್ನೂ ಮೊಮ್ಮಕ್ಕಳಽ ಇಲ್ಲ,” ಎಂದಳು ಮೊದಲು. ಆಮೇಲೆ, “ಇದರ ಮುಂದಿಂದು ಎಲ್ಲೈತಿ?”

“ಮುಂದಿಂದು ಏನ್ರಿ?”

“ನಾ ನಿಂತದ್ದು.”

ಯಮನಪ್ಪ ಬಾಯಿ ತೆರೆದು ಅವಳ ಮುಖ ನೋಡಿದ. “ನಿಂತಿದ್ರೇನ್ರಿ?”

ಕತ್ತೆಯ ಕೂಗಿಗಿಂತ ಆ ಪ್ರಶ್ನೆ ಅವಳಿಗೆ ಹೆಚ್ಚು ನಟ್ಟಿತು.

ನಿಂತಿದ್ದಳು. ಸಂಕ್ರಾಂತಿ ಮುಗಿದ ಮೇಲೆ ಮಗ ಅಮೋಲ ಹೊಸ ಹೆಂಡತಿ ನೇತ್ರಾಳನ್ನು ಕರೆದುಕೊಂಡು ಕೊಂಕಣಕ್ಕೆ ಹೊರಟಾಗ, ಅತ್ತೆಯೂ ಬರಬೇಕೆಂದು ಹಟ ಹಿಡಿದವಳು ನೇತ್ರಾ. ಆಜರಾ ದಾಟಿ, ಅಂಬೋಲಿ ಘಟ್ಟ ಇಳಿದು, ವೆಂಗುರ್ಲೆಯ ಆಚೆಗಿನ ಒಂದು ಮರಳ ದಂಡೆಗೆ ಹೋಗಿದ್ದರು. ಅಲ್ಲಿ ಬಿದಿರಿನ ಚಪ್ಪರದ ಕೆಳಗೆ ಬಣ್ಣಬಣ್ಣದ ಹಲಗೆಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಅಭಿಜಿತ ಎಂಬ ಹುಡುಗ ಸರ್ಫಿಂಗ್ ಕಲಿಸುವ ಶಾಲೆ ತೆರೆದಿದ್ದ. ಇಚಲಕರಂಜಿಯಲ್ಲಿ ಮಗ್ಗಗಳಿದ್ದ ಜೈನ ಮನೆತನದವನು. ಇವರ ಮಾತು ಕಿವಿಗೆ ಬಿದ್ದದ್ದೇ, “ಕಾಕೂ, ನೀವು ಗಡಿಂಗ್ಲಜ ಕಡೆಯವರೇನ್ರಿ?” ಎಂದು ಓಡಿ ಬಂದಿದ್ದ. ಸಮುದ್ರದ ದಂಡೆಯಲ್ಲಿ ತನ್ನ ಮಾತು ಕೇಳಿ ಗುರುಸಿದ್ದವ್ವನಿಗೆ ತವರಿನವನೊಬ್ಬ ಸಿಕ್ಕಷ್ಟು ಹಿಗ್ಗಾಗಿತ್ತು.

ಆ ದಂಡೆಯಲ್ಲಿ ಬಂಡೆಗಳಿಲ್ಲ. ತಳವೆಲ್ಲ ಬರೀ ಮರಳು. ದೂರದಿಂದ ಬಂದ ತೆರೆ ಮರಳ ದಿಬ್ಬಕ್ಕೆ ಮುಟ್ಟಿದಾಗ ಎದ್ದು ನಿಂತು, ಬೆನ್ನು ಬಾಗಿಸಿ, ಒಡೆದು ಬೆಳ್ಳನೆಯ ನೊರೆಯಾಗಿ ದಡಕ್ಕೆ ಓಡಿ ಬರುತ್ತದೆ. ಕಲಿಯುವವರು ಎದೆಮಟ್ಟದ ನೀರಿನಲ್ಲಿ ಹಲಗೆಯ ಮೇಲೆ ಬೋರಲಾಗಿ ಮಲಗಿ ಆ ನೊರೆಗಾಗಿ ಕಾಯಬೇಕು. ಅಮೋಲ ಮೂಗಿನಲ್ಲಿ ನೀರು ತುಂಬಿಸಿಕೊಂಡು ಬೇಗನೆ ಹೊರಗೆ ಬಂದ. ನೇತ್ರಾ ಮೊಣಕಾಲಿನ ಮೇಲೆ ಕೂತು ಕಿರುಚುತ್ತ ದಡ ಸೇರಿದಳು. ಅವರ ಚಪ್ಪಲಿ ಕಾಯುತ್ತ ಮರಳಿನಲ್ಲಿ ಕೂತಿದ್ದ ಗುರುಸಿದ್ದವ್ವ ನೀರನ್ನೇ ನೋಡುತ್ತಿದ್ದಳು. ಅವಳ ತವರು ಕುರುಂದವಾಡ. ಚಿಕ್ಕವಳಿದ್ದಾಗ ಸೊಂಟಕ್ಕೆ ಒಣ ಸೋರೆ ಬುರುಡೆ ಕಟ್ಟಿಕೊಂಡು ಕೃಷ್ಣೆಯಲ್ಲಿ ಈಜು ಕಲಿತವಳು. ಬುರುಡೆ ಬಿಚ್ಚಿದ ಮೇಲೆ ಅಣ್ಣಂದಿರಿಗಿಂತ ಮುಂದೆ ಆಚೆ ದಡ ಮುಟ್ಟುತ್ತಿದ್ದವಳು. ಮದುವೆಯಾಗಿ ಬಂದ ಮೇಲೆ ಬಚ್ಚಲ ಹಂಡೆಯ ನೀರು ಬಿಟ್ಟರೆ ಬೇರೆ ನೀರು ಅವಳ ಮೈ ಮುಟ್ಟಿರಲಿಲ್ಲ.

“ನಾ ಒಮ್ಮೆ ಹೋಗ್ತೇನಿ,” ಎಂದು ಎದ್ದಿದ್ದಳು.

“ಅವ್ವಾ, ಚಾಷ್ಟಿ ಮಾಡಬ್ಯಾಡ,” ಎಂದಿದ್ದ ಅಮೋಲ.

ಚೇಷ್ಟೆಯಲ್ಲ ಎಂಬುದು ಅರ್ಥವಾದದ್ದು ಕಲಿಸುವ ಹುಡುಗಿ ಮನಿಷಾಳಿಗೆ. ಅಲ್ಲಿಯ ಮೀನುಗಾರರ ಮನೆಯವಳು. ಏನೂ ಕೇಳದೆ ಹಲಗೆಯ ಹಗ್ಗವನ್ನು ಗುರುಸಿದ್ದವ್ವನ ಕಾಲಿಗೆ ಕಟ್ಟಿ ನೀರಿಗೆ ಕರೆದುಕೊಂಡು ಹೋದಳು. ಮೊದಲು ಬಿದ್ದಳು. ಮತ್ತೂ ಬಿದ್ದಳು. ಉಪ್ಪು ನೀರು ಕುಡಿದಳು. ಆಮೇಲೊಂದು ತೆರೆ ಬಂತು. ಮನಿಷಾ ಹಿಂದಿನಿಂದ ಹಲಗೆ ನೂಕಿ “ಮಾವಶೀ, ಆತಾ!” ಎಂದು ಕೂಗಿದಳು. ಈಗ ಎಂದದ್ದೇ ಗುರುಸಿದ್ದವ್ವ ಎರಡೂ ಕೈಯೂರಿ, ಒಂದು ಕಾಲು ಮುಂದೆ ತಂದು, ಎದ್ದಳು. ಕೆಳಗೆ ನೀರು ಓಡುತ್ತಿತ್ತು, ಅವಳು ನಿಂತಿದ್ದಳು. ಯಾರೂ ನೂಕುತ್ತಿರಲಿಲ್ಲ, ಯಾರೂ ಹಿಡಿದಿರಲಿಲ್ಲ. ದಡವೇ ಅವಳ ಕಡೆಗೆ ಓಡಿ ಬಂತು.

ಊರಿಗೆ ಬಂದ ಮೇಲೆ ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸವೆದೀತು ಎನ್ನಿಸಿತ್ತು.

ಮಧ್ಯಾಹ್ನ ಸಿದ್ಧಲಿಂಗರು ಅಂಗಡಿಗೆ ಬಂದರು. ಸಮಾಜದ ಸಭಾಭವನದ ಅಧ್ಯಕ್ಷರು, ಹಿರಿಯರು. ಆ ಭವನದಲ್ಲಿ ಪ್ರತಿ ಗುರುವಾರ ಸಂಜೆ ಅಕ್ಕನ ಬಳಗದ ಹೆಂಗಸರು ಸೇರಿ ವಚನ ಓದುತ್ತಿದ್ದರು. ಮುಂದೆ ಕೂತು ಓದಿಸುವವಳು ಗುರುಸಿದ್ದವ್ವ. ಸಿದ್ಧಲಿಂಗರು ಹಾಸಿದ ಗಾದಿಯ ಮೇಲೆ ಕೂಡಲಿಲ್ಲ. ಕಂಬ ಹಿಡಿದು ನಿಂತು, ಮೆಣಸಿನಕಾಯಿಯ ಘಾಟಿಗೆ ಮೂಗಿಗೆ ವಸ್ತ್ರ ಹಚ್ಚಿಕೊಂಡು ಮಾತಾಡಿದರು.

“ತಂಗೀ, ಒಂದ ನಾಕ ಗುರುವಾರ ನಿನ್ನ ಬದಲಿ ಬ್ಯಾರೆ ಯಾರರೆ ಓದಸಲಿ.”

“ಯಾಕ್ರಿ? ನಾ ಏನ ಮಾಡೇನಿ?”

“ನೀ ಏನೂ ಮಾಡಿಲ್ಲವಾ. ಆದ್ರ ಎಲ್ಲಾರೂ ನೋಡ್ಯಾರ.”

“ನೋಡಿದವರು ಬರೂದು ಬಿಡ್ಲಿ. ನಾ ಯಾಕ ಬಿಡ್ಲಿ?”

ಅವರು ನಕ್ಕರು, ಸಣ್ಣ ಮಕ್ಕಳ ಮಾತಿಗೆ ನಗುವ ಹಾಗೆ. “ಸಿಟ್ಟ ಮಾಡಬ್ಯಾಡ. ಮಂದಿ ಮರೀಲಿ. ಆಮ್ಯಾಲ ನಾವಽ ಕರೀತೇವಿ.”

ಅವರು ಹೋದ ಮೇಲೆ ಗುರುಸಿದ್ದವ್ವ ಯಾರೂ ಕೂಡದ ಆ ಗಾದಿಯನ್ನು ಝಾಡಿಸಿ ಹಾಸಿದಳು. ಕದ್ದಿಲ್ಲ, ಸುಳ್ಳು ಹೇಳಿಲ್ಲ, ತೂಕದಲ್ಲಿ ಮೋಸ ಮಾಡಿಲ್ಲ. ನೀರಿಗೆ ಇಳಿದಿದ್ದಳು, ಅಷ್ಟೇ. ಕತ್ತೆಯನ್ನು ಕೂಗಿಸಿದವನು ಬೇರೆ, ನಕ್ಕವರು ಬೇರೆ, ಮನೆಯಲ್ಲಿ ಕೂಡಬೇಕಾದವಳು ತಾನು!

ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಹೇಳಿದಳು. “ನಾಳೆ ಗಾಡಿ ತಗಿ. ವೆಂಗುರ್ಲೆಗೆ ಹೋಗೂನು.”

“ಯಾಕವ್ವಾ? ನಾಕ ದಿವಸ ತಡಿ, ಎಲ್ಲಾರೂ ಮರೀತಾರ,” ಎಂದ ಅಮೋಲ. ರೊಟ್ಟಿ ಮುರಿಯುತ್ತ ತಲೆ ಎತ್ತಲಿಲ್ಲ.

“ನೀನೂ ಅದನ್ನಽ ಹೇಳ್ತಿಯಾ? ಮರೀಬಾರದು. ಅವರು ನಾ ನಿಂತದ್ದು ನೋಡಬೇಕು. ಆ ಅಭಿಜಿತನ ಕಡೆ ಐತಿ ಅದು. ಅವನ ಹುಡುಗರು ಉದ್ದಕ್ಕೂ ಫೋನ ಹಿಡಕೊಂಡು ನಿಂತಿದ್ರು, ನಾನಽ ನೋಡೇನಿ.”

“ಫೋನ ಮಾಡಿ ಹೇಳೂನು. ಅಷ್ಟ ದೂರ ಯಾಕ?”

“ಮಾರಿ ನೋಡಿ ಕೇಳಬೇಕು ನನಗ.”

ನೇತ್ರಾ ಸಾರು ಬಡಿಸುತ್ತ ಗಂಡನನ್ನು ಒಮ್ಮೆ ನೋಡಿದಳು, ಏನೋ ಹೇಳಲು ಹೋಗಿ ಬಿಟ್ಟಳು. “ಹೋಗಿ ಬರ್ರಿ ಅತ್ತಿ,” ಎಂದಳು ಕೊನೆಗೆ. “ಅಂಗಡಿ ನಾ ನೋಡ್ಕೋತೇನಿ. ಇವರನ್ನಽ ಕರಕೊಂಡು ಹೋಗ್ರಿ.”

ದಾರಿಯುದ್ದಕ್ಕೂ ಅಮೋಲ ಮಾತಾಡಲಿಲ್ಲ. ಮಗನಿಗೂ ಸಿಟ್ಟು ಬಂದಿದೆ, ಅದಕ್ಕೇ ಹಲ್ಲು ಕಚ್ಚಿ ಗಾಡಿ ಹೊಡೆಯುತ್ತಿದ್ದಾನೆ ಎಂದು ಗುರುಸಿದ್ದವ್ವ ತಿಳಿದಳು. ಮನಸ್ಸಿಗೆ ಒಂದಿಷ್ಟು ಸಮಾಧಾನವೂ ಆಯಿತು.

ಚಪ್ಪರದ ಕೆಳಗೆ ಪುಣೆಯ ಕಡೆಯ ಹುಡುಗ ಹುಡುಗಿಯರ ಗುಂಪೊಂದು ಹಲಗೆಗಳ ಸುತ್ತ ನಿಂತಿತ್ತು. ಅಭಿಜಿತ ಅವಳನ್ನು ಕಂಡದ್ದೇ ಎರಡೂ ಕೈ ಚಾಚಿಕೊಂಡು ಬಂದ.

“ಕಾಕೂ! ಬರ್ರಿ, ಬರ್ರಿ! ನೀವು ಫೇಮಸ್ ಆಗೀರಿ! ನಿಮ್ಮನ್ನ ನೋಡೇ ಎಷ್ಟ ಮಂದಿ ಬರಾಕತ್ತಾರ ಗೊತ್ತೇನ್ರಿ?”

ಗುಂಪಿನ ಹುಡುಗಿಯೊಬ್ಬಳು ಗುರುತು ಹಿಡಿದು ಕಿಸಕ್ಕೆಂದಳು. “ಆಜೀ, ಏಕ್ ಸೆಲ್ಫಿ?” ಎಂದು ಪಕ್ಕಕ್ಕೆ ಬಂದು ಫೋನು ಎತ್ತಿದಳು. ಗುರುಸಿದ್ದವ್ವ ಆ ಫೋನಿನ ಮೇಲೆ ಅಂಗೈ ಇಟ್ಟಳು, ಹೊಡೆಯಲಿಲ್ಲ, ಮುಚ್ಚಿದಳು ಅಷ್ಟೆ. ಹುಡುಗಿ ಹಿಂದೆ ಸರಿದಳು.

“ಅಭಿಜಿತಾ, ನಾ ನಿಂತದ್ದು ಎಲ್ಲೈತಿ?”

“ಏನ್ರಿ?”

“ನಾ ಬಿದ್ದೇನಿ. ಇಲ್ಲ ಅನ್ನಂಗಿಲ್ಲ. ಬಿದ್ದ ಮ್ಯಾಲ ನಿಂತೇನಿ. ಅದು ಎಲ್ಲೈತಿ ಅಂತ ಕೇಳಾಕತ್ತೇನಿ.”

“ಐತ್ರಿ ಕಾಕೂ. ಫೋನಿನ್ಯಾಗಽ ಐತಿ.”

“ಐತಿ?” ಅದು ಇಲ್ಲ, ಹುಡುಗರು ತೆಗೆಯುವುದನ್ನು ನಿಲ್ಲಿಸಿದ್ದರು, ತಪ್ಪಿಹೋಯಿತು, ಹೀಗೆ ಏನೋ ಒಂದು ಹೇಳುತ್ತಾನೆಂದು ಘಟ್ಟ ಇಳಿಯುವ ಉದ್ದಕ್ಕೂ ಅಂದುಕೊಂಡಿದ್ದಳು. ಹಾಗೆಂದಿದ್ದರೆ ಅರ್ಧ ಸಿಟ್ಟು ಅಲ್ಲಿಯೇ ಇಳಿಯುತ್ತಿತ್ತು. “ಇದ್ದೂ ಹಾಕಲಿಲ್ಲಾ?”

“ನಿಂತದ್ದು ಯಾರು ನೋಡ್ತಾರ್ರಿ?” ಅಭಿಜಿತ ತಿಳಿಹೇಳುವವನ ಹಾಗೆ ನಕ್ಕ. “ನಿಂತವರನ್ನ ನೋಡಿ ಮಂದಿ ಮುಂದ ಹೋಗ್ತಾರ. ಬಿದ್ದವರನ್ನ ನೋಡಿ ನಕ್ಕೋಂತ ನಾಕ ಮಂದಿಗೆ ಕಳಸ್ತಾರ. ತಪ್ಪ ತಿಳಕೋಬ್ಯಾಡ್ರಿ, ಇದು ಧಂದಾ ಐತಿ.”

“ಧಂದಾ ನಾನೂ ಮಾಡ್ತೇನಿ ಮಗನಽ!” ಗುರುಸಿದ್ದವ್ವನ ದನಿಗೆ ಲಿಲಾವಿನ ಎತ್ತರ ಬಂತು. ಕನ್ನಡ ತಿಳಿಯದ ಪುಣೆಯ ಹುಡುಗರೂ ತಿರುಗಿ ನೋಡಿದರು. “ರೈತ ತಂದ ಚೀಲದಾಗಿಂದು ಕೊಳತ ಕಾಯಿ ಅಷ್ಟಽ ಆರಿಸಿ ಮ್ಯಾಲ ಸುರುವಿ, ಇದಽ ಇವನ ಮಾಲು ಅಂತ ಕೂಗಿದ್ರ ಅದಕ್ಕ ಧಂದಾ ಅಂತಾರೇನು? ಇಚಲಕರಂಜಿಯೊಳಗ ನಿಮ್ಮಪ್ಪ ಸೀರಿ ಮಾರುವಾಗ ಹರಕಿನ ಕಡೆ ತಗದು ತೋರಸ್ತಾನೇನು? ಮ್ಯಾಲ ಕತ್ತಿ ಬ್ಯಾರೆ ಕೂಗಿಸಿದಿ! ಯಾರನ್ನ ಕೇಳಿ ಹಾಕಿದಿ ಅದನ್ನ?”

“ಕೇಳೇ ಹಾಕೇನ್ರಿ ಕಾಕೂ,” ಎಂದ ಅಭಿಜಿತ. ಈಗ ಅವನ ಮುಖದಲ್ಲಿ ನಗುವಿರಲಿಲ್ಲ. “ಕೇಳದ ನಾವು ಯಾರದೂ ಹಾಕಂಗಿಲ್ಲ.”

“ಯಾರನ್ನ ಕೇಳಿದಿ? ನನ್ನ ಕೇಳಿದಿ?”

ಅಭಿಜಿತ ಅಮೋಲನ ಕಡೆ ನೋಡಿದ.

ಗುರುಸಿದ್ದವ್ವನೂ ನೋಡಿದಳು. ಅಮೋಲ ಗಾಡಿಯ ಕೀಲಿಯನ್ನು ಬೆರಳಲ್ಲಿ ತಿರುವುತ್ತ ಮರಳು ನೋಡುತ್ತಿದ್ದ. ಹಾಗಾದರೆ ದಾರಿಯುದ್ದಕ್ಕೂ ಹಲ್ಲು ಕಚ್ಚಿದ್ದು ಸಿಟ್ಟಿಗಲ್ಲ.

“ಅವ ಕೇಳಿದ, ಅವ್ವಾ,” ಎಂದ ಸಣ್ಣ ದನಿಯಲ್ಲಿ. “ನಿಮ್ಮ ತಾಯಿದು ಭಾಳ ಮಜಾ ಬಂದೈತಿ, ಹಾಕ್ಲಾ ಅಂದ. ಹಾಕು ಅಂದೆ. ಕತ್ತಿ ಕೂಗಸ್ತಾನ ಅಂತ ನನಗೇನ ಗೊತ್ತು?”

“ಆವಾಗ ನಾ ಎಲ್ಲಿದ್ದೆ?”

“ನೀರಾಗಿದ್ದಿ.”

“ನೀರಿನಿಂದ ಹೊರಗ ಬಂದ ಮ್ಯಾಲ? ಆವಾಗೇನು ನನ್ನ ನಾಲಿಗಿ ಬಿದ್ದಿತ್ತೇನು? ಊಟಕ್ಕ ಮೀನಿನ ಖಾನಾವಳಿ ಬ್ಯಾಡೇನು ಅಂತ ಹತ್ತ ಸಲ ಕೇಳಿದಿ ನನ್ನ. ಚಾದಾಗ ಸಕ್ಕರಿ ಎಷ್ಟು ಅಂತ ಕೇಳಿದಿ. ಇದೊಂದು ಕೇಳಾಕ ಆಗಲಿಲ್ಲ?”

ಅಭಿಜಿತ ನಡುವೆ ಬಂದ. “ಕಾಕೂ, ವಯಸ್ಸಾದವರದು ಇದ್ರ ಮನಿಯವರನ್ನಽ ಕೇಳ್ತೇವ್ರಿ. ಎಲ್ಲಾ ಕಡೆ ಹಂಗಽ ಐತಿ.”

“ಹೌದು, ಎಲ್ಲಾ ಕಡೆ ಹಂಗಽ ಐತಿ! ಬಿದ್ದದ್ದು ನಾ. ಕಾಲು ನನ್ನವು. ನಗಿಸಿಕೊಂಡದ್ದು ನಾ. ಪರವಾನಗಿ ಕೊಡಾಂವ ಇವ! ನಾ ಬಿದ್ದಾಗ ಇವ ದಂಡಿ ಮ್ಯಾಲ ಕುಂತು ಮೂಗಿನ್ಯಾಗಿನ ನೀರು ತಗೀತಿದ್ದ.”

ಹಲಗೆಗಳಿಗೆ ಮೇಣ ಉಜ್ಜುತ್ತಿದ್ದ ಮನಿಷಾ ಕೆಲಸ ನಿಲ್ಲಿಸಿ ಎದ್ದು ನಿಂತಳು. “ದಾದಾ, ಕಾಢೂನ್ ಟಾಕಾ ತೇ,” ಎಂದಳು ಯಜಮಾನನಿಗೆ. ತೆಗೆದುಹಾಕಿಬಿಡಿ ಅದನ್ನು. “ಮೀ ಪಹಿಲ್ಯಾ ದಿವಶೀಚ್ ಸಾಂಗಿತಲಂ ಹೋತಂ.” ಮೊದಲ ದಿನವೇ ಅವಳು ಹೇಳಿದ್ದಳಂತೆ. ಅವಳ ಮಾತನ್ನೂ ಯಾರೂ ಕೇಳಿರಲಿಲ್ಲ.

ಅಭಿಜಿತ ಫೋನು ತೆಗೆದು, ಗುರುಸಿದ್ದವ್ವನ ಕಣ್ಣೆದುರಿನಲ್ಲೇ ಅಳಿಸಿದ. “ಹೋತ್ರಿ.”

“ನಿನ್ನ ಫೋನಿನ್ಯಾಗಿಂದ ಹೋತು. ಗಡಿಂಗ್ಲಜದವರ ಫೋನಿನ್ಯಾಗಿಂದು?”

“ಅದು ನನ್ನ ಕೈಯಾಗಿಲ್ರಿ.”

“ನಿನ್ನ ಕೈಯಾಗ ಇದ್ದಾಗ ಯಾಕ ಬಿಟ್ಟಿ?”

ಅವನು ಬೇರೆ ದಾರಿ ಹುಡುಕಿದ. “ಕಾಕೂ, ನಿಂತದ್ದು ಈಗ ಹಾಕ್ತೇನಿ. ಹಿಂದ ಹಲಗಿ ವಾದ್ಯ ಬಡಿಸಿ, ಏಕದಮ್ ಝಕಾಸ್ ಮಾಡ್ತೇನಿ. ನೋಡ್ರಿಲ್ಲೆ.”

ಫೋನು ಅವಳ ಮುಂದೆ ಹಿಡಿದ. ಗುರುಸಿದ್ದವ್ವ ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದಳು. ದೂರದಲ್ಲಿ, ಬೆರಳುದ್ದದ ಹೆಂಗಸೊಬ್ಬಳು. ಅವಳು ಮನಸ್ಸಿನಲ್ಲಿ ಇಟ್ಟುಕೊಂಡ ಹಾಗಿರಲಿಲ್ಲ ಅದು. ಸೊಂಟ ಹಿಂದಕ್ಕೆ ಚಾಚಿತ್ತು, ಕೈಗಳು ಹೊಲದ ಬೆದರುಬೊಂಬೆಯ ಹಾಗೆ ಎರಡೂ ಕಡೆ ಚಾಚಿದ್ದವು, ಬಾಯಿ ತೆರೆದೇ ಇತ್ತು. ಆದರೂ ನಿಂತಿದ್ದಳು. ನೊರೆಯ ಜೊತೆಗೆ ಬಂದು, ನೊರೆ ಸತ್ತ ಮೇಲೆ ಹಲಗೆಯಿಂದ ತಾನೇ ಇಳಿದಿದ್ದಳು. ಗುರುಸಿದ್ದವ್ವ ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿದಳು.

“ಇದನ್ನ ನನ್ನ ಫೋನಿಗೆ ಕಳಸು. ಕಳಿಸಿ ನಿನ್ನದರಾಗಿಂದ ಅಳಿಸು.”

“ಹಾಕೂದು ಬ್ಯಾಡೇನ್ರಿ? ಛಲೋ ಬಂದೈತಿ...”

“ಬ್ಯಾಡ. ಈಗ ನೀ ಕೇಳಿದಿ, ಈಗ ನಾ ಹೇಳೇನಿ. ಕೇಳೂದು ಅಂದ್ರ ಇದು.”

ಅಷ್ಟಕ್ಕೆ ಮುಗಿಯಿತೆಂದು ಅಮೋಲ ಗಾಡಿಯ ಕಡೆ ತಿರುಗಿದ. ಗುರುಸಿದ್ದವ್ವ ಅಲ್ಲಿಯೇ ನಿಂತು ಸೀರೆಯನ್ನು ಕಚ್ಚೆ ಹಾಕತೊಡಗಿದಳು.

“ಅವ್ವಾ, ಮತ್ಯಾಕ? ಎಲ್ಲಾರೂ ನೋಡಾಕತ್ತಾರ.”

“ನೋಡ್ಲಿ. ಇಷ್ಟ ದೂರ ಬಂದದ್ದು ಬರೇ ಜಗಳಾಡಾಕ ಅಲ್ಲ.”

ಆ ದಿನ ಸಮುದ್ರ ಚೆನ್ನಾಗಿರಲಿಲ್ಲ. ಗಾಳಿ ನೀರಿನ ಕಡೆಯಿಂದ ಬೀಸುತ್ತಿತ್ತು. ತೆರೆಗಳು ಸಾಲಾಗಿ ಬರದೆ, ಸಂತೆಯಲ್ಲಿ ನುಗ್ಗುವ ಮಂದಿಯ ಹಾಗೆ ಒಂದರ ಮೇಲೊಂದು ಬಿದ್ದು, ದಿಬ್ಬದ ಮೇಲೆ ಒಮ್ಮೆಲೇ ಕುಸಿಯುತ್ತಿದ್ದವು. ಮನಿಷಾ ನೀರು ನೋಡಿ ಬೇಡವೆಂಬಂತೆ ಕೈಯಾಡಿಸಿದಳು. ಗುರುಸಿದ್ದವ್ವ ಕೇಳಲಿಲ್ಲ. ಮೊದಲ ತೆರೆಯೇ ಅವಳನ್ನು ಹಲಗೆಯೊಂದಿಗೆ ಮಗುಚಿ ಮರಳಿಗೆ ಒತ್ತಿತು. ಎದ್ದು ಬಂದಾಗ ಹುಬ್ಬಿನ ಮೇಲೆ ಕೆಂಪು ಗೀರು ಬಿದ್ದಿತ್ತು. “ನಿನ್ನ ಮನಿ ಹಾಳಾಗಲಿ,” ಎಂದು ಸಮುದ್ರಕ್ಕೆ ಬೈದು ಮತ್ತೆ ಹಲಗೆ ಹಿಡಿದಳು. ಸಿಟ್ಟಿನ ಕೈಗೆ ಹಲಗೆ ಬಗ್ಗಲಿಲ್ಲ. ಅವಸರದಿಂದ ಏಳುತ್ತಿದ್ದಳು, ಬೀಳುತ್ತಿದ್ದಳು. ಸಿದ್ಧಲಿಂಗರ ನಗು ನೆನಪಾಗಿ ಏಳುತ್ತಿದ್ದಳು, ಬೀಳುತ್ತಿದ್ದಳು. ಮಗನ ಬಗ್ಗಿದ ತಲೆ ನೆನಪಾಗಿ ಮೊಣಕಾಲಿನ ತನಕ ಬಂದಳು, ಮತ್ತೂ ಬಿದ್ದಳು.

ಒಮ್ಮೆ ನೀರಿನಿಂದ ತಲೆಯೆತ್ತಿದಾಗ ದಡದಲ್ಲಿ ಗುಂಪಿನ ಹುಡುಗನೊಬ್ಬ ಫೋನು ಎತ್ತಿ ಅವಳ ಕಡೆ ಹಿಡಿದದ್ದು ಕಂಡಿತು. ಅಮೋಲ ಚಪ್ಪಲಿ ಹಾಕಿಕೊಂಡೇ ನೀರಿನಲ್ಲಿ ಓಡಿ ಅವನ ಮುಂದೆ ನಿಂತ. “ಆಧೀ ತ್ಯಾಂನಾ ವಿಚಾರಾ!” ಎಂದು ಒದರಿದ್ದು ಗಾಳಿಯಲ್ಲಿ ಅವಳಿಗೂ ಕೇಳಿಸಿತು. ಮೊದಲು ಅವರನ್ನು ಕೇಳಿ. ಒಂದು ಚಪ್ಪಲಿ ತೆರೆಯೊಂದಿಗೆ ತೇಲಿಹೋಯಿತು.

ಈಗ ತಿಳೀತೇನೋ, ಎಂದುಕೊಂಡಳು ಗುರುಸಿದ್ದವ್ವ. ಕರಗಲಿಲ್ಲ.

ಆ ದಿನ ಅವಳು ನಿಲ್ಲಲಿಲ್ಲ. ಕೈ ಸೋತು, ಮನಿಷಾಳ ಹೆಗಲು ಹಿಡಿದು ಹೊರಗೆ ಬಂದಳು. “ಪುನ್ಹಾ ಯಾ,” ಎಂದಳು ಮನಿಷಾ, ಮತ್ತೆ ಬನ್ನಿ. “ಬರ್ತೇನವ್ವಾ. ಬರದ ಎಲ್ಲಿ ಹೋಗ್ಲಿ,” ಎಂದಳು ಗುರುಸಿದ್ದವ್ವ ಕನ್ನಡದಲ್ಲೇ, ಮತ್ತು ಅದು ಮನಿಷಾಳಿಗೆ ತಿಳಿಯಿತು.

ಅಂಬೋಲಿಯಲ್ಲಿ ಚಹಾಕ್ಕೆ ನಿಂತಾಗ ಅಮೋಲ ಬಾಯಿ ಬಿಟ್ಟ. “ತಪ್ಪಾತವ್ವಾ.”

“ನನಗೊಬ್ಬಾಕಿಗೇ ಹೇಳಿದ್ರ ಏನ ಬಂತು? ಊರ ಮುಂದ ನಗಿಸಿದಿ, ಕಿವಿಯೊಳಗ ತಪ್ಪಾತ ಅಂತಿ. ಸಮಾಜದ ಫೋನಿನ ಗುಂಪಿನ್ಯಾಗ ಹಾಕು. ನಮ್ಮವ್ವನ್ನ ಕೇಳದ ನಾನಽ ಪರವಾನಗಿ ಕೊಟ್ಟೆ, ಆಕಿದೇನೂ ತಪ್ಪಿಲ್ಲ ಅಂತ ಬರಿ.”

ಅಮೋಲ ಕಪ್ಪು ಕೆಳಗಿಟ್ಟ. ಆ ಗುಂಪಿನಲ್ಲಿ ಅವನ ಗೆಳೆಯರಿದ್ದರು, ಬೀಗರಿದ್ದರು. “ಎಲ್ಲಾರೂ ನಗ್ತಾರವ್ವಾ ನನ್ನ ನೋಡಿ.”

“ಹೌದು,” ಎಂದಳು ಗುರುಸಿದ್ದವ್ವ. “ನಗ್ತಾರ.”

ಆಜರಾದಲ್ಲಿ ಗಾಡಿ ನಿಲ್ಲಿಸಿ ಬರೆದು ಹಾಕಿದ.

ಅವರಿನ್ನೂ ಮನೆಯ ಬಾಗಿಲು ಮುಟ್ಟಿರಲಿಲ್ಲ, ಸಿದ್ಧಲಿಂಗರ ಫೋನು ಬಂತು. ದನಿಯಲ್ಲಿ ಬೆಲ್ಲ ಕರಗುತ್ತಿತ್ತು. “ತಂಗೀ, ಅಮೋಲ ಬರದದ್ದು ನೋಡಿದೆ. ಹುಡುಗ ಭಾಳ ಶ್ಯಾಣ್ಯಾ. ತಾನಽ ಎಲ್ಲಾ ಒಪ್ಪಿಕೊಂಡಾನ. ಈಗೇನೂ ತಕರಾರು ಉಳೀಲಿಲ್ಲ ನೋಡು. ನೀ ಈ ಗುರುವಾರದಿಂದಽ ಬಾ.”

ಗುರುಸಿದ್ದವ್ವ ಫೋನು ಇಟ್ಟಳು. ಇಳಿದಿದ್ದ ಸಿಟ್ಟು ಅಂಗಾಲಿನಿಂದ ಮತ್ತೆ ಏರಿತು. ಮಗನಿಂದ ಬರೆಸಿದವಳು ತಾನೇ. ಹಾಗೆ ಬರೆಸುವಾಗ ಹೊಳೆಯದೇ ಇದ್ದದ್ದು ಈಗ ಹೊಳೆಯಿತು. ತಾನು ಏನೂ ಮಾಡಿಲ್ಲವೆಂದು ತಾನು ಹೇಳಿದಾಗ ಅದು ಸಣ್ಣ ಮಕ್ಕಳ ಮಾತು. ಅದನ್ನೇ ಮಗ ಬರೆದರೆ ತೀರ್ಪು!

ಗುರುವಾರ ಹೋದಳು. ಹುಬ್ಬಿನ ಗೀರು ಇನ್ನೂ ಮಾಸಿರಲಿಲ್ಲ, ಅದನ್ನು ವಿಭೂತಿಯಿಂದ ಮುಚ್ಚಲೂ ಇಲ್ಲ. ಸಿದ್ಧಲಿಂಗರು ಭವನದ ಬಾಗಿಲಲ್ಲೇ ನಿಂತು ಸ್ವಾಗತಿಸಿದರು. “ಬಾ ತಂಗೀ, ಎಲ್ಲಾ ಸರಿ ಹೋತಲ್ಲ.”

“ಸರಿ ಹೋಗಿಲ್ರಿ,” ಎಂದಳು. ಒಳಗೆ ಚಾಪೆಯ ಮೇಲೆ ಕೂತ ಹೆಂಗಸರೆಲ್ಲ ಈ ಕಡೆ ತಿರುಗಿದರು. “ಸೋಮವಾರ ಇದನ್ನಽ ನಾ ಹೇಳಿದೆ. ನಿಮಗ ಕೇಳಲಿಲ್ಲ. ನನ್ನ ಮಗ ಹೇಳಿದ ಕೂಡ್ಲೆ ಕೇಳ್ತು. ನನ್ನ ಕಾಲು ಕಂಡದ್ದಕ್ಕ ನಿಮಗ ನಾಚಿಕಿ ಬಂತು, ನನ್ನ ಮಾತು ಕಿವಿಗೆ ಬೀಳದ್ದಕ್ಕ ಬರಲಿಲ್ಲ. ನೀವು ಕರದೀರಿ ಅಂತ ನಾ ಬಂದಿಲ್ಲ. ಇದು ನನ್ನ ಜಾಗಾ, ಅದಕ್ಕ ಬಂದೇನಿ.”

ಸಿದ್ಧಲಿಂಗರು ಅತ್ತಿತ್ತ ನೋಡಿದರು. ಒಳಗಿನ ಹೆಂಗಸರಲ್ಲಿ ಯಾರಾದರೂ ತಮ್ಮ ಪರವಾಗಿ ಒಂದು ಮಾತಾಡಿಯಾರೆಂದು ಕಾದ ಹಾಗಿತ್ತು. ಎಲ್ಲರಿಗಿಂತ ಹಿರಿಯಳಾದ ಮಲಕವ್ವ ಗೋಡೆಗೆ ಒರಗಿ ಕೂತವಳು, “ಓದಸ ಬಾರವಾ, ಹೊತ್ತಾಗತೈತಿ,” ಎಂದಳು. ಸಿದ್ಧಲಿಂಗರು ಟೊಪ್ಪಿಗೆ ಸರಿಪಡಿಸಿಕೊಂಡು ಮೆಟ್ಟಿಲು ಇಳಿದು ಹೋದರು.

ಓದು ಮುಗಿದ ಮೇಲೆ ಯಾರೂ ಎದ್ದು ಹೋಗಲಿಲ್ಲ. ಬಿದ್ದದ್ದನ್ನು ಎಲ್ಲರೂ ನೋಡಿದ್ದರು. ಯಾರು ಕೇಳಬೇಕೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ಮಲಕವ್ವನೇ ಕೇಳಿದಳು. “ಅಲ್ಲ ಗುರುಸಿದ್ದಿ, ನಿಮ್ಮ ಯಮನಪ್ಪ ಹೇಳಿದ, ನಿಂತಿದ್ದೆಂತಲ್ಲ ನೀ. ನಿಂತಾಗ ಹ್ಯಾಂಗ ಆಗತೈತಿ?”

ಗುರುಸಿದ್ದವ್ವ ಹೇಳಲು ಹೋದಳು. ನೀರು ಕೆಳಗೆ ಓಡುತ್ತದೆ ಎಂದಳು. ಎತ್ತಿನ ಗಾಡಿಯ ಹಾಗಲ್ಲ ಎಂದಳು. ಜೋಕಾಲಿಯ ಹಾಗೆ, ಆದರೆ ಹಗ್ಗ ಇಲ್ಲ, ಹಿಂದಕ್ಕೆ ಬರುವುದೂ ಇಲ್ಲ ಎಂದಳು. ಯಾವುದೂ ಸರಿ ಬೀಳದೆ ತನ್ನ ನಾಲಿಗೆಯ ಮೇಲೇ ಸಿಟ್ಟು ಬಂದು, “ಹೇಳಾಕ ಬರೂದಿಲ್ಲ ತಗೋ!” ಎಂದು ಫೋನು ತೆಗೆದು ಅವಳ ಕೈಗೆ ಕೊಟ್ಟಳು. ಮಲಕವ್ವನ ಹೆಗಲ ಹಿಂದೆ ಎಲ್ಲ ತಲೆಗಳೂ ಒಟ್ಟಾದವು. ಯಾರೋ ಒಬ್ಬಳು ನಕ್ಕಳು, ಆ ಚಾಚಿದ ಕೈಗಳನ್ನು ನೋಡಿ. ಗುರುಸಿದ್ದವ್ವನೂ ನಕ್ಕಳು. ಇದು ಅವಳು ತಾನಾಗಿ ತೋರಿಸಿದ್ದು.

ಮಳೆಗಾಲಕ್ಕೆ ಮೊದಲು, ಏಪ್ರಿಲ್ ತಿಂಗಳಲ್ಲಿ, ಅವಳು ಇನ್ನೊಮ್ಮೆ ಘಟ್ಟ ಇಳಿದಳು. ಈ ಸಲ ಗಾಡಿ ಹೊಡೆದವಳು ನೇತ್ರಾ. ಅಂಗಡಿ ನೋಡಿಕೊಳ್ಳಲು ಉಳಿದವನು ಅಮೋಲ. ಮೊಣಕಾಲು ನೋವಿನ ಮಲಕವ್ವ ತಾನು ನೀರಿಗೆ ಇಳಿಯುವುದಿಲ್ಲ, ದಂಡೆಯ ಮೇಲೆ ಕೂತು ನೋಡುತ್ತೇನೆ ಅಷ್ಟೆ ಎಂದು ಹೊರಟಳು. ಆಜರಾ ದಾಟುವ ತನಕ ಕಿಡಕಿ ತೆರೆಯಬೇಕೋ ಮುಚ್ಚಬೇಕೋ ಎಂದು ಗುರುಸಿದ್ದವ್ವನ ಜೊತೆ ಜಗಳಾಡುತ್ತ, ಅಂಬೋಲಿಯ ತಿರುವುಗಳಲ್ಲಿ ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತ ಹೋದಳು.